ಏನೂ ಗೊತ್ತಿಲ್ಲದವರಿಗೆ ವಿವರಿಸಿ

ನವೆಂಬರ್ 3, ಸೋಮವಾರ

ರಜೆ ಮುಗಿಯಿತು, ಮತ್ತೆ ಶಾಲೆಗೆ ಹೋದೆ. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿದ ಡಾಕ್ಟರು, "ಮನಸ್ಸಲ್ಲಿರೋದನ್ನ ದಿನಾ ಒಂದಿಷ್ಟು ಬರೀರಿ, ಒಳಗೇ ಇಟ್ಕೋಬೇಡಿ" ಎಂದಿದ್ದರು. ಅದಕ್ಕೇ ಈ ದಿನಚರಿ. ನನ್ನನ್ನು ಬಿಟ್ಟರೆ ಇದನ್ನು ಓದುವವರಿಲ್ಲ, ಹಾಗಾಗಿ ಭಾಷೆಗೆ ಇಸ್ತ್ರಿ ಹಾಕಬೇಕಾಗಿಲ್ಲ. ಆದರೂ ಹಾಕುತ್ತೇನೆ. ಇಷ್ಟು ವರ್ಷ ಮಕ್ಕಳಿಗೆ ಪ್ರಬಂಧ ಬರೆಯಲು ಕಲಿಸಿದವನ ಚಾಳಿ ಅಷ್ಟು ಬೇಗ ಹೋಗುವುದಿಲ್ಲ.

ಮೌನವೆಂಬ ಮಹಾಸಾಗರದ ನಡುವೆ ಹುಟ್ಟು ಕಳೆದುಕೊಂಡ ಒಂಟಿ ನಾವಿಕ ನಾನು. (ಚೆನ್ನಾಗಿದೆ. ಎಲ್ಲಾದರೂ ಬಳಸಿಕೊಳ್ಳಬಹುದು.)

ಹೆಡ್ ಮೇಡಂ ಕೋಣೆಗೆ ಕರೆದು ಕೂರಿಸಿದರು. ನನಗಿಂತ ಚಿಕ್ಕವರು, ಈ ಶಾಲೆಗೆ ಬಂದ ಹೊಸತರಲ್ಲಿ ನನ್ನ ಪಾಠ ಕೇಳಲು ಹಿಂದಿನ ಬೆಂಚಿನಲ್ಲಿ ಬಂದು ಕೂರುತ್ತಿದ್ದರು. ಆ ಸಲುಗೆಯಿಂದಲೋ ಏನೋ, ಸುತ್ತಿ ಬಳಸದೆ ಹೇಳಿದರು.

"ಆಡಳಿತ ಮಂಡಳಿಯವರು ಕೇಳ್ತಿದಾರೆ ಸರ್, ಮಾತಿಲ್ಲದೆ ಇವರು ಪಾಠ ಹೇಗೆ ಮಾಡ್ತಾರೆ ಅಂತ. ಒಂದೆರಡು ಪುಟ ಬರೆದುಕೊಡಿ. ಡಿಸೆಂಬರ್ ಸಭೆಯಲ್ಲಿ ಇಡ್ತೀನಿ. ಅವರು ಒಪ್ಪಿದ್ರೆ ಕ್ಲಾಸು ನಿಮ್ಮದೇ. ಇಲ್ಲಾಂದ್ರೆ..."

ಇಲ್ಲಾಂದ್ರೆ ಏನು ಎಂದು ನನಗೂ ಗೊತ್ತು. ಮೆಟ್ಟಿಲ ಕೆಳಗಿನ ಪುಸ್ತಕದ ಕೋಣೆ. ಬಂದವರಿಗೆ ಪುಸ್ತಕ ತೆಗೆದುಕೊಡುವುದು, ತಿರುಗಿ ಇಡುವುದು. ಸಂಬಳ ಅದೇ, ಕುರ್ಚಿಯೂ ಇದಕ್ಕಿಂತ ಮೆತ್ತಗಿದೆ. ಮಕ್ಕಳು ಮಾತ್ರ ಇರುವುದಿಲ್ಲ.

ಎರಡು ಪುಟ ತಾನೆ! ಪ್ರಬಂಧದ ಮೇಷ್ಟ್ರಿಗೆ ಎರಡು ಪುಟದ ಹೆದರಿಕೆಯೇ? ಎದ್ದು ಬರುವಾಗ ನನಗೆ ನಗು ಬಂತು.

ನವೆಂಬರ್ 5, ಬುಧವಾರ

ಔಷಧದ ಅಂಗಡಿಯವನು ನನ್ನ ಚೀಟಿ ಓದಿ, ತಾನೂ ಪೆನ್ನು ಹುಡುಕಿ ಇನ್ನೊಂದು ಚೀಟಿ ಬರೆದುಕೊಟ್ಟ: "ನಾಳೆ ಬರುತ್ತದೆ." ನಾನು ಅದರ ಕೆಳಗೆ, "ಕಿವಿ ನೆಟ್ಟಗಿದೆ ಸ್ವಾಮಿ, ಹೋಗಿರುವುದು ಬಾಯಿ ಮಾತ್ರ" ಎಂದು ಬರೆದೆ. ಅವನು ಓದಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ, "ಸಾರಿ ಸರ್!" ಎಂದು ಕಿರುಚಿದ.

ತರಗತಿಯ ಕಥೆ ಬೇರೆಯೇ. ಬೋರ್ಡಿನ ಮೇಲೆ ಬರೆಯಲು ತಿರುಗಿದರೆ ಸಾಕು, ಬೆನ್ನ ಹಿಂದೆ ಸಂತೆ. ಮೊದಲು ಒಂದು "ಹೂಂ" ಅಂದರೆ ಕೊನೆ ಬೆಂಚಿನವರೆಗೂ ತಣ್ಣಗಾಗುತ್ತಿತ್ತು. ಈಗ ಮೇಜು ತಟ್ಟುತ್ತೇನೆ, ಅವರೂ ತಟ್ಟುತ್ತಾರೆ. ಒಂಬತ್ತನೇ ತರಗತಿಯವರು ಬಾಲ ಬಿಚ್ಚಿದ್ದಾರೆ. ಅವರಲ್ಲಿ ಒಬ್ಬನಿಗೆ ಎಂಥ ಗಂಟಲೆಂದರೆ ಎಲ್ಲರೂ ಗುಡುಗು ಎಂದೇ ಕರೆಯುತ್ತಾರೆ. ಪಿಸುಗುಟ್ಟಿದರೂ ಪಕ್ಕದ ಕ್ಲಾಸಿಗೆ ಕೇಳುತ್ತದೆ. ಇವತ್ತು ಅವನನ್ನು ನೋಡುತ್ತ ನನಗೆ ಹೊಟ್ಟೆಕಿಚ್ಚಾಯಿತು. ಹದಿನಾಲ್ಕು ವರ್ಷದ ಹುಡುಗನ ಮೇಲೆ!

ಸಂಜೆ ಅಕ್ಕನ ಫೋನು. ಅವಳ ಊರು ದೂರ. ಕಣ್ಣು ಮಂಜಾಗಿರುವುದರಿಂದ ಮೆಸೇಜು ಓದಲಾರಳು. ನಾವೇ ಒಂದು ಉಪಾಯ ಮಾಡಿಕೊಂಡಿದ್ದೇವೆ. ಅವಳು ಕೇಳುತ್ತಾಳೆ, ನಾನು ಉಗುರಿನಿಂದ ಫೋನು ಕುಟ್ಟುತ್ತೇನೆ. ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ.

"ಊಟ ಆಯ್ತೇನೋ? ಮಾತ್ರೆ ತಗೊಂಡ್ಯಾ? ಬೇಜಾರಾಗ್ತಿದೆಯಾ?"

ಒಂದು. ಒಂದು. ಎರಡು.

ಆಮೇಲೆ ಅವಳು ತನ್ನ ಮೊಣಕಾಲಿನ ಪುರಾಣ ಶುರು ಮಾಡಿದಳು. ಫೋನನ್ನು ಮೇಜಿನ ಮೇಲಿಟ್ಟು ಬಟ್ಟೆ ಮಡಚಿದೆ.

ನವೆಂಬರ್ 10, ಸೋಮವಾರ

ನನ್ನ ಎರಡು ಪುಟ ವಾಪಸು ಬಂದಿವೆ.

"ಎರಡು ಸಲ ಓದಿದೆ ಸರ್," ಎಂದರು ಹೆಡ್ ಮೇಡಂ. "ನೀವು ಕ್ಲಾಸಿಗೆ ಹೋಗಿ ಮೊದಲು ಏನು ಮಾಡ್ತೀರಿ ಅನ್ನೋದು ಇದರಲ್ಲಿ ಎಲ್ಲಿದೆ?"

ಇರಲಿಲ್ಲ. "ಮಾನವ ಜೀವನದಲ್ಲಿ ಧ್ವನಿಯು ಅತ್ಯಂತ ಮಹತ್ವದ ಪಾತ್ರ ವಹಿಸುತ್ತದೆ" ಎಂದು ಶುರುವಾಗಿತ್ತು. ಸಾಗರ, ನಾವಿಕ ಎಲ್ಲ ಇದ್ದರು. ಮೊದಲಿಗೆ ಪೀಠಿಕೆ, ನಡುವೆ ವಿಷಯ ನಿರೂಪಣೆ, ಕೊನೆಗೆ ಉಪಸಂಹಾರ, ಮೂರಕ್ಕೂ ಅಡಿಗೆರೆ. ಇವರಿಗೆ ಸಾಹಿತ್ಯದ ರುಚಿ ಇಲ್ಲ ಎಂದುಕೊಂಡೆ.

ಸಂಜೆ ಒಂಬತ್ತನೇ ತರಗತಿಯವರ ಪ್ರಬಂಧ ತಿದ್ದಲು ಕೂತೆ. ವಿಷಯ: ಪುಸ್ತಕಕ್ಕೆ ಬೈಂಡು ಹಾಕುವುದು ಹೇಗೆ. "ಮಾನವ ಜೀವನದಲ್ಲಿ ಬೈಂಡು ಅತ್ಯಂತ ಮಹತ್ವದ ಪಾತ್ರ ವಹಿಸುತ್ತದೆ." ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅದೇ. ಇಡೀ ಕಟ್ಟಿನಲ್ಲಿ ಮಾನವ ಜೀವನ ಬೈಂಡನ್ನೇ ನಂಬಿ ನಿಂತಿದೆ. ಆ ಸಾಲು ಅವರಿಗೆ ಬರೆಸಿದವರು ಯಾರು? ನಾನೇ. ವಿಷಯ ಯಾವುದೇ ಬರಲಿ, ಹೀಗೆ ಶುರು ಮಾಡಿ ಎಂದು ವರ್ಷವರ್ಷವೂ ಬರೆಸಿದ್ದೆ. ತಲೆ ಚಿಟ್ಟು ಹಿಡಿಯಿತು, ಅರ್ಧಕ್ಕೇ ಎದ್ದೆ.

ನವೆಂಬರ್ 13, ಗುರುವಾರ

ಇವತ್ತು ಒಂದು ತಮಾಷೆಯಾಯಿತು.

ಬೋರ್ಡಿನ ಮೇಲೆ "ನಿಮ್ಮ ಪ್ರಬಂಧ ಸ್ಪಷ್ಟವಾಗಿಲ್ಲ" ಎಂದು ಬರೆದೆ. "ಎಲ್ಲಿ ಸರ್? ಎಲ್ಲಾ ಬರೆದಿದೀನಲ್ಲ!" ಎಂದು ಗುಡುಗು ಗುಡುಗಿದ. ಮೊದಲಾಗಿದ್ದರೆ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದೆ. ಅದೆಲ್ಲವನ್ನೂ ಸೀಮೆಸುಣ್ಣದಲ್ಲಿ ಬರೆಯುವ ತಾಳ್ಮೆ ನನಗಿರಲಿಲ್ಲ. ಕಂದು ಕಾಗದ, ಅಂಟುಪಟ್ಟಿ, ಒಂದು ಪುಸ್ತಕ ಮುಂದಿಟ್ಟುಕೊಂಡು, ಓದು ಎಂದು ಸನ್ನೆ ಮಾಡಿದೆ.

"ಕಾಗದವನ್ನು ತೆಗೆದುಕೊಳ್ಳಿ. ಪುಸ್ತಕವನ್ನು ಅದರ ಮೇಲಿಡಿ."

ಇಟ್ಟೆ.

"ಎಲ್ಲಾ ಕಡೆಯಿಂದ ಮಡಚಿ ಅಂಟಿಸಿ. ಈಗ ಬೈಂಡು ಸಿದ್ಧವಾಯಿತು."

ಎಲ್ಲಾ ಕಡೆಯಿಂದ ಮಡಚಿದೆ. ಅಂಟಿಸಿದೆ. ಪುಸ್ತಕ ಪೂರಾ ಪೊಟ್ಟಣವಾಯಿತು. ಅದನ್ನು ಎತ್ತಿ ತೋರಿಸಿ, ತೆರೆಯಲು ನೋಡಿದೆ, ಬರಲಿಲ್ಲ. ಮುಖ ಗಂಭೀರವಾಗಿಟ್ಟುಕೊಂಡು ಪೊಟ್ಟಣವನ್ನೇ ಓದಲು ಹೊರಟೆ. ಇಡೀ ತರಗತಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಗುಡುಗಿನ ನಗು ಎಲ್ಲರಿಗಿಂತ ಜೋರು. ನಕ್ಕು ಮುಗಿದ ಮೇಲೆ ತಾನಾಗಿಯೇ, "ಪುಸ್ತಕ ತೆರೆಯೋ ಕಡೆ ಅಂಟಿಸಬಾರದು ಅಂತ ಬರೀಬೇಕಿತ್ತು ಸರ್. ಅದು ಎಲ್ಲರಿಗೂ ಗೊತ್ತಿರುತ್ತೆ ಅಂದ್ಕೊಂಡೆ" ಎಂದ.

ಬೋರ್ಡಿನ ಮೇಲೆ ಒಂದೇ ಸಾಲು ಬರೆದೆ: "ಓದುವವರಿಗೆ ಏನೂ ಗೊತ್ತಿಲ್ಲ ಎಂದುಕೊಂಡು ಬರೆಯಿರಿ."

"ಯಾಕೆ ಸರ್?" ಎಂದಿತು ಮೂರನೇ ಬೆಂಚು. ಆ ಹುಡುಗಿ ಎಲ್ಲದಕ್ಕೂ ಯಾಕೆ ಎಂದು ಕೇಳುತ್ತಾಳೆ, ಅದಕ್ಕೇ ಅವಳು ಯಾಕಮ್ಮ. ನಾನು ಪೊಟ್ಟಣವನ್ನು ಅವಳ ಕೈಗೆ ಕೊಟ್ಟೆ. ತೆರೆಯಲು ನೋಡಿ, ನಕ್ಕು ಕೂತಳು.

ಬೆಲ್ ಆಯಿತು, ಎಲ್ಲ ಓಡಿದರು. ಕಡೆಯ ಪೀರಿಯಡ್ಡು ನನ್ನದೇ. ಇಡೀ ದಿನದಲ್ಲಿ ನನಗೆ ಅತ್ಯಂತ ಬೇಡವಾದ ಹೊತ್ತು ಅದು. ಬೆಂಚುಗಳು ಖಾಲಿಯಾದ ಕೂಡಲೇ ಮನೆ ನೆನಪಾಗುತ್ತದೆ.

ನವೆಂಬರ್ 18, ಮಂಗಳವಾರ

ಮಕ್ಕಳಲ್ಲಿ ಜ್ಞಾನದ ಹಸಿವು ಹುಟ್ಟಿದೆ! ಬರೆದಿಡಲೇಬೇಕು.

ಶುಕ್ರವಾರ ಬೆಲ್ ಆದ ಮೇಲೆ ಯಾಕಮ್ಮ ಉಳಿದುಕೊಂಡಳು. "ಸರ್, ವಿವರಿಸೋದಕ್ಕೂ ಕಥೆ ಹೇಳೋದಕ್ಕೂ ಏನು ವ್ಯತ್ಯಾಸ?" ಒಳ್ಳೆಯ ಪ್ರಶ್ನೆ. ಒಂದು ಹಾಳೆ ತುಂಬ ಬರೆದುಕೊಟ್ಟೆ. ನಿನ್ನೆ ಕಿಟಕಿ ಪಕ್ಕದ ಹುಡುಗ ಬಂದ. "ಉದಾಹರಣೆ ಒಂದು ಸಾಕಾ, ಎರಡು ಬೇಕಾ ಸರ್?" ಅವನಿಗೂ ಬರೆದುಕೊಟ್ಟೆ. ಇವತ್ತು ಗುಡುಗು ಬಂದು ಬಹಳ ಹೊತ್ತು ತಲೆ ಕೆರೆದುಕೊಂಡು ನಿಂತ. ಆಮೇಲೆ, "ಸರ್, ಪ್ರಬಂಧ ಅಂದ್ರೇನು?" ಎಂದ. ಇಷ್ಟು ವರ್ಷ ಪ್ರಬಂಧ ಬರೆದ ಹುಡುಗ! ಆದರೂ ಕೇಳಿದನಲ್ಲ ಎಂದು ಸಮಾಧಾನದಿಂದ ಉತ್ತರಿಸಿದೆ. ಅವನು ಓದಿಕೊಂಡು, ಬೆಂಚಿನ ಮೇಲೆ ಕಾಲಾಡಿಸುತ್ತ, ಅವರಪ್ಪನ ಸೈಕಲ್ಲು ಎಲ್ಲೆಲ್ಲಿ ಪಂಕ್ಚರ್ ಆಗುತ್ತದೆ ಎಂಬುದನ್ನೆಲ್ಲ ಹೇಳಿ ಹೋದ.

ಧ್ವನಿಯಿದ್ದಾಗ ಒಬ್ಬರೂ ಹೀಗೆ ಉಳಿದು ಕೇಳಿದ್ದಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನವೆಂಬರ್ 19, ಬುಧವಾರ

ಏನೂ ವಿಶೇಷವಿಲ್ಲ. ಉದಾಹರಣೆ ಒಂದು ಸಾಕಾ, ಎರಡು ಬೇಕಾ ಎಂದು ಮತ್ತೊಬ್ಬಳು ಕೇಳಿದಳು. ಅಕ್ಕ ಫೋನು ಮಾಡಲಿಲ್ಲ.

ನವೆಂಬರ್ 23, ಭಾನುವಾರ

ಭಾನುವಾರ ಯಾಕಾದರೂ ಬರುತ್ತದೋ.

ನಾನು ಮದುವೆಯಾಗಲಿಲ್ಲ. ಅಮ್ಮ ಇರುವವರೆಗೂ ಅವಳೊಡನೆ ಮಾತು, ಅವಳು ಹೋದ ಮೇಲೆ ನನ್ನೊಡನೆಯೇ ಮಾತು. ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದೆ, ತೊಟ್ಟಿಕ್ಕುವ ನಲ್ಲಿಗೆ ಬೈಯುತ್ತಿದ್ದೆ, ಅಡುಗೆ ಮಾಡುತ್ತ ಮರುದಿನದ ಪಾಠ ಒಪ್ಪಿಸುತ್ತಿದ್ದೆ. ಒಂಟಿಯೆಂದು ಅನ್ನಿಸಿದ್ದೇ ಇಲ್ಲ. ಮನೆಯಲ್ಲಿ ಯಾವಾಗಲೂ ಒಬ್ಬ ಮಾತಾಡುತ್ತಿದ್ದ, ಅವನು ನಾನೇ ಎಂಬುದು ಗಮನಕ್ಕೆ ಬಂದಿರಲಿಲ್ಲ. ಈಗ ನಲ್ಲಿ ಮಾತ್ರ ತೊಟ್ಟಿಕ್ಕುತ್ತದೆ. ಕುತ್ತಿಗೆಯ ತೂತಿನಿಂದ ಉಸಿರು ಹೋಗಿ ಬರುವ ಸದ್ದು, ಅದರ ಮೇಲಿನ ತೆಳು ಬಟ್ಟೆ ಅಲುಗುವ ಸದ್ದು. ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಓಡಿಹೋಗಿ ತೆಗೆದರೆ, ಮೇಲಿನ ಮನೆಯ ವಿಳಾಸ ಕೇಳಲು ಬಂದವನು. ಕೈ ತೋರಿಸಿ ಕಳಿಸಿದೆ. ಇನ್ನೂ ಒಂದೆರಡು ಮಾತು ಕೇಳಬಾರದಿತ್ತೇ ಎನ್ನಿಸಿತು.

ಅಕ್ಕನ ಫೋನು ಬಂತು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ಬಗ್ಗಲಾಗುವುದಿಲ್ಲವಂತೆ, ಮೂರು ದಿನ ಹಾಸಿಗೆಯಿಂದ ಏಳಲಿಲ್ಲವಂತೆ. ಪೂರ್ತಿ ಕೇಳಿಸಿಕೊಂಡೆ.

"ಬೇಜಾರಾಗ್ತಿದೆಯೇನೋ?"

ಎರಡು ಸಲ ಕುಟ್ಟಿದೆ.

ನವೆಂಬರ್ 26, ಬುಧವಾರ

ಎರಡನೇ ಸಲ ಬರೆದದ್ದೂ ವಾಪಸು. ಈ ಸಲ ನಾವಿಕನನ್ನು ಕೈಬಿಟ್ಟು ಮನಸ್ಸು ಬಿಚ್ಚಿ ಬರೆದಿದ್ದೆ. ತರಗತಿಯೇ ನನ್ನ ಉಸಿರು, ಅದನ್ನು ಕಸಿದುಕೊಳ್ಳಬೇಡಿ ಎಂದೆಲ್ಲ.

"ಇದನ್ನ ಓದಿದ್ರೆ ಅಳು ಬರುತ್ತೆ ಸರ್," ಎಂದರು ಹೆಡ್ ಮೇಡಂ. "ಅವರಿಗೂ ಬರುತ್ತೆ. ಅತ್ತುಬಿಟ್ಟು ನಿಮ್ಮನ್ನ ಪುಸ್ತಕದ ಕೋಣೆಗೆ ಹಾಕ್ತಾರೆ. ಅವರು ಕೇಳಿರೋದು ಹೇಗೆ ಅಂತ. ನೀವು ಹೇಳ್ತಿರೋದು ಅಯ್ಯೋ ಅಂತ."

ಸಿಟ್ಟು ಬಂತು. ಸಭೆ ಹನ್ನೆರಡನೇ ತಾರೀಕು. ಹೇಗೆ ಪಾಠ ಮಾಡುತ್ತೇನೆ ಎಂದು ನನಗೇ ಗೊತ್ತಿದ್ದರೆ ತಾನೆ ಬರೆಯುವುದು!

ಡಿಸೆಂಬರ್ 1, ಸೋಮವಾರ

ಡಾಕ್ಟರ ಬಳಿ ತಪಾಸಣೆ ಬೇಗ ಮುಗಿಯಿತು. ಕಡೆಯ ಪೀರಿಯಡ್ಡಿಗೆ ಹೋಗಬಹುದೆಂದು ಶಾಲೆಗೆ ಓಡಿದೆ. ನನ್ನ ಬದಲಿಗೆ ಗಣಿತದ ಮೇಡಂ ಆಗಲೇ ತರಗತಿಗೆ ಹೋಗಿದ್ದರು. ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಅವರ ದನಿ ಕೇಳಿತು.

"ನಿಮ್ಮ ಸರ್ ಪಾಠ ಹೇಗೆ ಮಾಡ್ತಾರೋ ನನಗೇನೂ ಗೊತ್ತಿಲ್ಲಪ್ಪ. ನೀವೇ ಹೇಳಿ."

ಏನೂ ಗೊತ್ತಿಲ್ಲದವರು! ಮಕ್ಕಳಿಗೆ ಅಷ್ಟೇ ಬೇಕಿತ್ತು. ನಾನು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತೆ.

"ಮೊದ್ಲು ಬೋರ್ಡ್ ಮೇಲೆ ಒಂದೇ ಒಂದು ವಾಕ್ಯ ಬರೀತಾರೆ ಮೇಡಂ. ಗುಡುಗು ಅದನ್ನ ಓದ್ತಾನೆ."

"ಆಮೇಲೆ ಕೈ ಹೀಗೆ ಮಾಡ್ತಾರೆ. ಮುಂದೆ ಹೇಳಿ ಅಂತ."

"ಅಲ್ಲ ಮೇಡಂ, ಅದು ತಡಿ ಅಂತ!"

"ಅಂಗೈ ಮೇಲೆ ಮಾಡಿದ್ರೆ ಮುಂದೆ, ಕೆಳಗೆ ಮಾಡಿದ್ರೆ ತಡಿ ಕಣೋ."

"ತಪ್ಪು ಬರೆದ್ರೆ ಬೈಯಲ್ಲ. ಬರೆದ ಹಾಗೇ ಮಾಡಿ ತೋರಿಸ್ತಾರೆ. ಬೈದಿದ್ರೇ ವಾಸಿ ಅನ್ಸುತ್ತೆ."

"ಸಿಟ್ಟು ಬಂದ್ರೆ ಸೀಮೆಸುಣ್ಣ ಮುರಿಯುತ್ತೆ. ನಗು ಬಂದ್ರೆ ಭುಜ ನೋಡ್ಬೇಕು, ಕುಣಿಯುತ್ತೆ."

ನನ್ನ ಭುಜ ಕುಣಿಯುವುದು ನನಗೆ ಗೊತ್ತೇ ಇರಲಿಲ್ಲ. ಜೇಬಿನ ಚೀಟಿ ತೆಗೆದು ಗುರುತು ಹಾಕಿಕೊಳ್ಳತೊಡಗಿದೆ. ನಾನು ಬರೆಯಲಾಗದ ಎರಡು ಪುಟವನ್ನು ಇವರು ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಿದ್ದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ಯಾಕಮ್ಮನ ದನಿ. "ಒಂದು ಬಿಟ್ಟುಹೋಯ್ತು ಮೇಡಂ. ಬೆಲ್ ಆದ್ಮೇಲೆ ಒಬ್ಬರು ಉಳ್ಕೋಬೇಕು. ಸರದಿ ಇದೆ."

"ಯಾಕೆ?" ಎಂದರು ಮೇಡಂ.

"ಸರ್ ತಕ್ಷಣ ಮನೆಗೆ ಹೋಗಲ್ಲ. ಬ್ಯಾಗು ಹಿಡ್ಕೊಂಡು ಖಾಲಿ ಬೆಂಚು ನೋಡ್ತಾ ನಿಂತಿರ್ತಾರೆ. ಮನೇಲಿ ಯಾರೂ ಇಲ್ಲ ಅಲ್ವಾ ಅವರಿಗೆ. ಅದಕ್ಕೇ ಏನಾದ್ರೂ ಡೌಟ್ ಕೇಳ್ತೀವಿ."

"ಡೌಟ್ ಇಲ್ದಿದ್ರೆ?"

"ಮಾಡ್ಕೊಂಡು ಬರ್ತೀವಿ ಮೇಡಂ," ಎಂದ ಗುಡುಗು. ಆಮೇಲೆ ಅವನ ಪ್ರಕಾರ ಪಿಸುಮಾತಿನಲ್ಲಿ, "ಸರ್‌ಗೆ ಮಾತ್ರ ಹೇಳ್ಬೇಡಿ."

ಅಲ್ಲಿಂದ ಕಾಲು ಕಿತ್ತೆ.

ಡಿಸೆಂಬರ್ 2, ಮಂಗಳವಾರ

ರಜೆ ಹಾಕಿದೆ. ಜ್ಞಾನದ ಹಸಿವಂತೆ! ಹಿಂದಿನ ಪುಟ ತೆಗೆದು ನೋಡಿ ಮುಖ ಬಿಸಿಯಾಯಿತು.

ಡಿಸೆಂಬರ್ 3, ಬುಧವಾರ

ಅಕ್ಕ ಕೇಳಿದಳು. "ಬೇಜಾರಾಗ್ತಿದೆಯೇನೋ?"

ಒಂದು ಸಲ ಕುಟ್ಟಿದೆ.

ಫೋನು ಕಟ್ಟಾಯಿತೇನೋ ಅಂದುಕೊಂಡೆ. "ನನಗೂ ಕಣೋ," ಎಂದಳು. "ನೀನು ದಿನಾ ಇಲ್ಲ ಇಲ್ಲ ಅಂತ ಕುಟ್ತಿದ್ದೆ. ನನಗೊಬ್ಬಳಿಗೇ ಅಂದ್ಕೊಂಡಿದ್ದೆ." ಆಮೇಲೆ ಇಬ್ಬರೂ ಫೋನು ಇಡಲಿಲ್ಲ. ಅವಳು ಸೊಪ್ಪು ಸೋಸುವುದು ಕೇಳುತ್ತಿತ್ತು.

ಡಿಸೆಂಬರ್ 6, ಶನಿವಾರ

ಬೆಳಿಗ್ಗೆ ಕೂತವನು ಊಟದ ಹೊತ್ತಿಗೆ ಬರೆದು ಮುಗಿಸಿದೆ. ನಕಲನ್ನು ಇಲ್ಲಿಯೂ ಇಡುತ್ತೇನೆ, ಎಲ್ಲವನ್ನೂ ಅಲ್ಲ.

"ನಾನು ಒಂಬತ್ತನೇ ತರಗತಿಗೆ ಪ್ರಬಂಧ ಕಲಿಸುತ್ತೇನೆ. ನನಗೆ ಮಾತು ಬರುವುದಿಲ್ಲ, ಕಿವಿ ಕೇಳುತ್ತದೆ. ಮೊದಲು ಬೋರ್ಡಿನ ಮೇಲೆ ಒಂದು ವಾಕ್ಯ ಬರೆಯುತ್ತೇನೆ. ಒಬ್ಬ ವಿದ್ಯಾರ್ಥಿ ಅದನ್ನು ಗಟ್ಟಿಯಾಗಿ ಓದುತ್ತಾನೆ. ನನ್ನ ಅಂಗೈ ಮೇಲಿದ್ದರೆ 'ಮುಂದೆ ಹೇಳಿ', ಕೆಳಗಿದ್ದರೆ 'ತಡೆಯಿರಿ' ಎಂದರ್ಥ. ವಿದ್ಯಾರ್ಥಿಗಳು ತಮಗೆ ಗೊತ್ತಿರುವ ಒಂದು ಕೆಲಸವನ್ನು, ಅದು ಗೊತ್ತಿಲ್ಲದವರಿಗಾಗಿ ವಿವರಿಸಿ ಬರೆಯುತ್ತಾರೆ. ಬರೆದದ್ದನ್ನು ಓದುತ್ತಾರೆ. ಅವರು ಓದಿದಂತೆಯೇ ನಾನು ಮಾಡುತ್ತೇನೆ. ಕೆಲಸ ಕೆಟ್ಟರೆ ಎಲ್ಲಿ ಒಂದು ಹಂತ ಬಿಟ್ಟುಹೋಗಿದೆ ಎಂದು ಅವರೇ ಹುಡುಕುತ್ತಾರೆ."

ಹೀಗೇ ಎರಡು ಪುಟ. ಓದಿದೆ. ಅಡ್ಡಿಯಿಲ್ಲ ಅನ್ನಿಸಿತು. ಆದರೆ ಒಂದು ಹಂತ ಬಿಟ್ಟುಹೋಗಿತ್ತು, ಬೇಕೆಂದೇ ಬಿಟ್ಟಿದ್ದೆ. ಊಟ ಮಾಡಿದೆ, ಪಾತ್ರೆ ತೊಳೆದೆ, ಪೇಪರು ತಿರುವಿದೆ. ಕೊನೆಗೆ ಬಂದು ಸೇರಿಸಿದೆ.

"ಬೆಲ್ ಆದ ಮೇಲೆ ನಾನು ಕೂಡಲೇ ಹೊರಡುವುದಿಲ್ಲ. ದಿನಕ್ಕೊಬ್ಬರಂತೆ ವಿದ್ಯಾರ್ಥಿಗಳು ಸರದಿಯಲ್ಲಿ ಉಳಿದು ಪ್ರಶ್ನೆ ಕೇಳುತ್ತಾರೆ. ನನಗೆ ಮನೆಯಲ್ಲಿ ಯಾರೂ ಇಲ್ಲವೆಂದು ಅವರಿಗೆ ಗೊತ್ತಿದೆ. ಈ ಏರ್ಪಾಡು ಅವರದು, ನನ್ನದಲ್ಲ. ನಾನು ಉತ್ತರ ಬರೆದುಕೊಡುತ್ತೇನೆ."

ಡಿಸೆಂಬರ್ 8, ಸೋಮವಾರ

ಹೆಡ್ ಮೇಡಂ ನಿಂತುಕೊಂಡೇ ಓದಿದರು. ಕಡೆಯ ಭಾಗಕ್ಕೆ ಬಂದಾಗ ಕುರ್ಚಿ ಎಳೆದುಕೊಂಡು ಕೂತರು. "ಇದನ್ನ ಹೀಗೇ ಇಡ್ತೀನಿ ಸರ್. ಒಂದಕ್ಷರ ಮುಟ್ಟಬೇಡಿ," ಎಂದರು.

ಡಿಸೆಂಬರ್ 12, ಶುಕ್ರವಾರ

ಸಭೆ ಮಧ್ಯಾಹ್ನವಿತ್ತು. ಕಡೆಯ ಪೀರಿಯಡ್ಡಿಗೆ ಹೋಗುವಾಗ ಹೆಡ್ ಮೇಡಂ ಮೆಟ್ಟಿಲ ಹತ್ತಿರ ಸಿಕ್ಕರು.

"ಒಪ್ಪಿದ್ರು ಸರ್. ಈ ವರ್ಷದ ಮಟ್ಟಿಗೆ. ಮುಂದಿನ ವರ್ಷ ಮತ್ತೆ ನೋಡೋಣ ಅಂದ್ರು."

ಕೈ ಮುಗಿದೆ. ಅವರು ಹೊರಟವರು ನಿಂತು, "ಬೆಲ್ ಆದ ಮೇಲಿನದ್ದೂ ಪಾಠಕ್ಕೆ ಸೇರುತ್ತಾ ಅಂತ ಒಬ್ಬರು ಕೇಳಿದ್ರು. ಸೇರುತ್ತೆ ಅಂದೆ" ಎಂದರು.

ಗೆದ್ದಿದ್ದೆ. ಜೀವ ಹಗುರವಾಯಿತು. ತರಗತಿಯಲ್ಲಿ ಭುಜ ಎಷ್ಟು ಸಲ ಕುಣಿಯಿತೋ. ಆದರೆ ಪೀರಿಯಡ್ಡು ಮುಗಿಯುತ್ತ ಬಂದಂತೆ ಒಂದು ನಿರ್ಧಾರ ಮಾಡಿಕೊಂಡೆ. ಇನ್ನು ಈ ಮಕ್ಕಳ ಸಂಜೆಯನ್ನು ತಿನ್ನಬಾರದು. ಅವರಿಗೆ ಆಟವಿದೆ, ಮನೆಯಿದೆ. ನನ್ನ ಮೇಲಿನ ಕನಿಕರಕ್ಕೆ ಪ್ರಶ್ನೆ ಹೊಸೆಯುತ್ತ ಎಷ್ಟು ದಿನ ಕೂರುತ್ತಾರೆ? ಬೆಲ್ ಆಯಿತು. ಅವರಿಗಿಂತ ಮೊದಲು ನಾನೇ ಬ್ಯಾಗು ಹೆಗಲಿಗೇರಿಸಿ ಹೊರಬಿದ್ದೆ. ಮೈದಾನ ದಾಟಿ ಗೇಟಿನ ಹತ್ತಿರ ಬಂದಿರಬೇಕು.

"ಸರ್!"

ಇಡೀ ಮೈದಾನವೇ ತಿರುಗಿ ನೋಡಿತು. ಗುಡುಗು ಏದುಸಿರು ಬಿಡುತ್ತ ಓಡಿಬಂದ. ಅವನ ಮುಖದಲ್ಲಿ ಕನಿಕರ ಎಳ್ಳಷ್ಟೂ ಇರಲಿಲ್ಲ. ಕಡುಕೋಪವಿತ್ತು.

"ಏನ್ ಸರ್ ಇದು? ಇವತ್ತು ನನ್ನ ಸರದಿ! ಯಾಕಮ್ಮ ನಿನ್ನೆ ನನ್ನ ಹತ್ರ ಬದಲಾಯಿಸ್ಕೋ ಅಂತ ಎಷ್ಟು ಬೇಡ್ಕೊಂಡ್ಲು, ನಾನು ಕೊಡಲಿಲ್ಲ. ನೀವು ನೋಡಿದ್ರೆ ಹೊರಟೇಬಿಟ್ರಿ!"

ಹೇಳಿದ ಮೇಲೆ ತಾನು ಏನು ಬಾಯಿಬಿಟ್ಟೆ ಎಂದು ಅವನಿಗೆ ಹೊಳೆಯಿತು. ಕಿವಿಯವರೆಗೂ ಕೆಂಪಾದ. ನಾನು ಚೀಟಿ ತೆಗೆದು ಬರೆದೆ: "ಸರಿ. ಏನು ಕೇಳಬೇಕೆಂದು ಬಂದೆ?"

ಅವನು ಓದಿ, ಕಾಲಿನಿಂದ ಮಣ್ಣು ಕೆರೆದ.

"ಪ್ರಶ್ನೆ ಎಲ್ಲಾ ಖಾಲಿಯಾಗಿದೆ ಸರ್. ಸುಮ್ನೆ ಕೂತ್ರೆ ಆಗಲ್ವಾ?"

ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತೆವು. ಮೈದಾನದಲ್ಲಿ ಆಡುವವರು ಆಡುತ್ತಿದ್ದರು. ಎಷ್ಟೋ ಹೊತ್ತು ಗುಡುಗು ಒಂದು ಮಾತೂ ಆಡಲಿಲ್ಲ, ನಾನೂ ಏನೂ ಬರೆಯಲಿಲ್ಲ.